ಗೋಡೆಗೆ ಅಂಟಿದ ಟಿಕೀಟು

ಕಳ್ಳಿಯಂತೆ! ಭಾಲ್ಕಿಯಿಂದ ದಿನಾ ಬಸ್ಸು ಹಿಡಿದು ಔರಾದಿಗೆ ಹೋಗಿ ಮಕ್ಕಳಿಗೆ ಭೂಗೋಳ ಕಲಿಸುವ ವಿಶಾಖಾ ಟೀಚರು ಕಳ್ಳಿಯಂತೆ! ಹಾಗೆಂದು ಬರೆದವಳು ಶ್ರೀಲಂಕಾದ ಕ್ಯಾಂಡಿಯ ಮಾಲಿನಿ. ಅದೂ ಎಲ್ಲಿ? ಟಪಾಲಿನಲ್ಲಿ ಪೋಸ್ಟ್‌ಕಾರ್ಡು, ಅಂಚೆಚೀಟಿ ಅದಲುಬದಲು ಮಾಡಿಕೊಳ್ಳುವ ನಾನಾ ದೇಶದವರು ಕೂಡಿರುವ ಫೋನಿನ ಗುಂಪಿನಲ್ಲಿ. 'ಕಾರ್ಡು ತೆಗೆದುಕೊಂಡು, ಬಂದೇ ಇಲ್ಲ ಅನ್ನುತ್ತಾಳೆ. ಇವಳ ಜೊತೆ ವ್ಯವಹಾರ ಮಾಡಬೇಡಿ.'

ವಿಶಾಖಾಳ ಮೈಯೆಲ್ಲ ಉರಿದುಹೋಯಿತು. ಅವಳು ಕಳಿಸಿದ ಬೀದರ ಕೋಟೆಯ ಕಾರ್ಡು ಕ್ಯಾಂಡಿಗೆ ಸುಖವಾಗಿ ಮುಟ್ಟಿತ್ತು. ಅತ್ತಕಡೆಯಿಂದ ಮಲಗಿದ ಬುದ್ಧನ ಕಾರ್ಡು, ಅದರ ಬೆನ್ನಿಗೆ ಅಂಟಿಸಿದ ಈ ವರ್ಷದ ವೈಶಾಖ ಹುಣ್ಣಿಮೆಯ ಅಂಚೆಚೀಟಿ ಬರಬೇಕಿತ್ತು. ಗುಂಪಿನ ಕಟ್ಟಳೆಯಂತೆ ಬಂದ ಕಾರ್ಡಿನ ಬೆನ್ನಿನ ಫೋಟೋ ಅಲ್ಲಿ ಹಾಕಬೇಕು. ಚೀಟಿ, ಮುದ್ರೆ, ವಿಳಾಸ ಎಲ್ಲ ಕಾಣಬೇಕು. ಇಲ್ಲದಿದ್ದರೆ ಕಳಿಸಿದವರ ಮಾತೇ ಖರೆ, ಬಂದಿಲ್ಲ ಎಂದವರ ಬಾಯಿಗೆ ಮಣ್ಣು.

ಅವಳನ್ನು ಗುಂಪಿಗೆ ಸೇರಿಸಿ ಜಾಮೀನು ನಿಂತವರು ಬೀದರಿನಲ್ಲಿ ಗಡಿಯಾರ ರಿಪೇರಿ ಮಾಡುವ ಮುನೀರೋದ್ದೀನ ಚಾಚಾ. ಅವರ ಫೋನೂ ಬಂತು.

"ಬೇಟಿ, ನಿನ್ನ ಮ್ಯಾಲ ನನಗ ಭರೋಸಾ ಅದ. ಆದ್ರ ಅಲ್ಲಿ ನನ್ನ ಇಜ್ಜತಿಗೂ ಬಂದದ. ಏನರೆ ಸಬೂತ ಕೊಡವಾ."

"ಬರಲಾರದ ಕಾರ್ಡಿಗೆ ಸಬೂತ ಎಲ್ಲಿಂದ ತರಲಿ ಚಾಚಾ?"

ಪೋಸ್ಟಮನ್‌ನನ್ನು ಬೀದಿಯಲ್ಲೇ ನಿಲ್ಲಿಸಿ ಜಾಡಿಸಿದಳು. ಅವನು, "ನಿಮ್ಮ ಅವ್ವನ ಕೈಯಾಗೇ ಕೊಟ್ಟೇನ್ರಿ ಟೀಚರ್," ಎಂದ. ಮನೆಯಲ್ಲಿ ಅಂಚೆಚೀಟಿಗೆ ಟಿಕೀಟು ಎನ್ನುತ್ತಿದ್ದರು. ಅವ್ವ ಅಂಜನಾಬಾಯಿಯೋ, "ಯಾವ ಟಿಕೀಟೂ ಬಂದಿಲ್ಲವ್ವಾ," ಎಂದು ದಿನವೂ ಅದನ್ನೇ ಹೇಳುತ್ತಿದ್ದಳು. ಅವ್ವನನ್ನು ನಂಬದೆ ಇನ್ನಾರನ್ನು ನಂಬುವುದು? ಪೋಸ್ಟಮನ್ ಸುಳ್ಳುಗಾರನಾದ.

ಹುಣ್ಣಿಮೆಯ ಸಂಜೆ ಓಣಿಯ ಬುದ್ಧವಿಹಾರದಲ್ಲಿ ವಂದನೆ. ಬಿಳಿ ಸೀರೆಯ ಹೆಂಗಸರ ಮಧ್ಯೆ ಕೂತು ಪಂಚಶೀಲದ ಪ್ರತಿಜ್ಞೆ ಹೇಳಿ ಮುಗಿಸಿ ವಿಶಾಖಾ ತಲೆ ಎತ್ತುತ್ತಾಳೆ, ಎದುರಿನ ಗೋಡೆಯ ಮೇಲೆ ಮಲಗಿದ ಬುದ್ಧ! ಅದೇ ಕಾರ್ಡು, ಮಾಲಿನಿ ಗುಂಪಿನಲ್ಲಿ ತೋರಿಸಿದ್ದೇ. ಸುತ್ತ ಬಂಗಾರದ ಬಣ್ಣದ ಪಟ್ಟಿ, ಮೇಲೊಂದು ಪ್ಲಾಸ್ಟಿಕ್ ಮಾಲೆ. ಈ ವಿಹಾರದಲ್ಲಿ ಫ್ಯಾನಿನ ರೆಕ್ಕೆಗೂ ನೀರಿನ ಲೋಟಕ್ಕೂ ಕೊಟ್ಟವರ ಹೆಸರು ಬರೆಸುವುದು ರೂಢಿ. ಕಾರ್ಡಿನ ಕೆಳಗೂ ಕೆಂಪು ಬಣ್ಣದಲ್ಲಿ ಬರೆದಿತ್ತು: 'ದಾನ: ಅಂಜನಾಬಾಯಿ'.

"ಇದನ್ನ ಯಾರು ಅಂಟಿಸಿದ್ರಿ?" ಎಂದು ಕಿರುಚಿದಳು.

ವಿಹಾರದ ಹಿರಿಯ ಪಂಢರಿ ಕಾಕಾ ಹೆಮ್ಮೆಯಿಂದಲೇ ಹೇಳಿದ: "ನಾನೇ ಅಂಟಿಸೇನಿ. ಗಟ್ಟಿ ಗೋಂದು ಹಚ್ಚೇನಿ, ಜನ್ಮದಾಗ ಬಿಚ್ಚಂಗಿಲ್ಲ."

"ಹಿಂದ ಬರದದ್ದು ನೋಡಲಿಲ್ಲೇನ್ರಿ?"

"ಇಂಗ್ಲೀಷಿನಾಗ ಏನೋ ಗೀಚಿದ್ರು. ಅದಕ್ಕ ಆ ಮಗ್ಗಲ ಗೋಡಿಗೆ ಮಾಡೇನಿ."

"ಆ ಗೀಚಿದ್ದೇ ನನ್ನ ಹೆಸರ್ರಿ, ಕಾಕಾ! ಅದು ಕಾಣಲಾರದ್ದಕ್ಕ ಊರೂರಿನವರು ನನಗ ಕಳ್ಳಿ ಅನ್ಲಿಕತ್ತಾರ!"

ಅಂಜನಾಬಾಯಿ ಗಾಬರಿಯಾಗಿ ಎದ್ದಳು. "ಯವ್ವಾ, ನೀ ಟಿಕೀಟು ಬಂತೇನ ಅಂತ ಕೇಳಿದಿ. ಬುದ್ಧ ಬಂದಾನೇನ ಅಂತ ಯಾವಾಗ ಕೇಳಿದಿ? ಬಂದದ್ದೆಲ್ಲಾ ಟ್ರಂಕಿನಾಗ ಕೀಲಿ ಹಾಕಿ ಇಡ್ತಿ. ಬುದ್ಧನ್ನ ಟ್ರಂಕಿನಾಗ ಇಡಬಾರದಂತ ಇಲ್ಲಿ ಕೊಟ್ಟೆ."

ವಿಶಾಖಾ ಮುಂದೆ ನುಗ್ಗಿ ಕಾರ್ಡಿನ ಮೂಲೆಗೆ ಉಗುರು ಹಾಕಿದಳು. ಚೂರು ಬಣ್ಣ ಕಿತ್ತು ಬಂತು. "ಅಯ್ಯೋ, ಬುದ್ಧನ ಕಾಲು!" ಎಂದು ಹೆಂಗಸರು ಬಾಯಿಮೇಲೆ ಕೈಯಿಟ್ಟರು. ಹುಟ್ಟಿದಾಗಿನಿಂದ ಇದೇ ಗೋಡೆಗೆ ಕೈಮುಗಿದು ಬೆಳೆದವಳ ಕೈ ಅಲ್ಲೇ ನಿಂತಿತು. ಆದರೆ ಬಾಯಿ ನಿಲ್ಲಲಿಲ್ಲ.

"ಈಗೇನು ಹೇಳಿದಿವಿ ಎಲ್ಲಾರೂ? ಕೊಡಲಾರದ ವಸ್ತು ಮುಟ್ಟಂಗಿಲ್ಲ ಅಂತ ಹೌದಿಲ್ಲೋ? ಇದನ್ನ ನಾ ಯಾರಿಗೆ ಕೊಟ್ಟಿದ್ದೆ? ಬುದ್ಧನ ಮುಂದೇ ಹೇಳ್ರಿ!"

ಪಂಢರಿ ಕಾಕಾ, "ದಾನ ಅಂದಮ್ಯಾಲ ಮುಗೀತು," ಎಂದು ಗೊಣಗಿದ. ಅಂಜನಾಬಾಯಿ ಮಾತ್ರ ಮುಖ ಸಣ್ಣದು ಮಾಡಿಕೊಂಡು ಮೂಲೆಯಲ್ಲಿದ್ದ ಬಣ್ಣದ ಡಬ್ಬಿ ತಂದು ಮಗಳ ಕೈಗಿಟ್ಟಳು.

"ನನ್ನ ಹೆಸರ ಹೊಡದಹಾಕು. ನನ್ನದಲ್ಲದ್ದು ನಾ ಹ್ಯಾಂಗ ದಾನ ಮಾಡಲಿ?"

ವಿಶಾಖಾ ಹೊಡೆದುಹಾಕಿದಳು. ಅವ್ವನ ಹೆಸರು ಎನ್ನುವ ಮುಲಾಜೂ ಇಟ್ಟುಕೊಳ್ಳದೆ, ಅದರ ಕೆಳಗೆ ದೊಡ್ಡದಾಗಿ ಕನ್ನಡದಲ್ಲಿ, ಇಂಗ್ಲೀಷಿನಲ್ಲಿ ಬರೆದಳು: 'ಕ್ಯಾಂಡಿಯ ಮಾಲಿನಿ ಭಾಲ್ಕಿಯ ವಿಶಾಖಾಳಿಗೆ ಕಳಿಸಿದ್ದು. ವಿಶಾಖಾಳನ್ನು ಕೇಳದೆ ಇಲ್ಲಿ ಅಂಟಿಸಲಾಗಿದೆ.' ಪಂಢರಿ ಕಾಕಾ ಹಾಂ ಹಾಂ ಎನ್ನುವಷ್ಟರಲ್ಲಿ ಗೋಡೆಯ ಫೋಟೋ ಗುಂಪಿಗೆ ಹೋಗಿತ್ತು.

ಮನೆ ಮುಟ್ಟುವ ಮೊದಲೇ ಮಾಲಿನಿಯ ಉತ್ತರ ಬಂತು. ಕಳ್ಳಿ ಎಂದದ್ದು ತಪ್ಪಾಯಿತು, ಎಲ್ಲರೆದುರು ಕ್ಷಮೆ ಕೇಳುತ್ತೇನೆ ಎಂದು ಬರೆದಿದ್ದಳು. ಕೊನೆಗೆ ಒಂದು ಪ್ರಶ್ನೆಯೂ ಇತ್ತು: ಚೀಟಿ ಹೇಗಿತ್ತು, ಇಷ್ಟವಾಯಿತೆ?

ಹೆಸರೇನೋ ಉಳಿಯಿತು, ಚಾಚಾನ ಇಜ್ಜತೂ ಉಳಿಯಿತು. ಚೀಟಿ? ಅದು ಗೋಡೆಗೆ ಮುಖಮಾಡಿ ಅಂಟಿಕೊಂಡಿತ್ತು. ಅವ್ವ ಹಿಂದೆ ಹಿಂದೆಯೇ ಬರುತ್ತಿದ್ದಳು.

"ಏನಂತ ಬರದಾಳವ್ವಾ ಆಕಿ?"

ವಿಶಾಖಾ ಫೋನನ್ನು ಅವ್ವನ ಮುಂದೆ ಹಿಡಿದಳು.

"ಟಿಕೀಟು ಹ್ಯಾಂಗಿತ್ತು ಅಂತ ಕೇಳ್ಯಾಳ. ನೀನೇ ಹೇಳು. ನೋಡಿದಾಕಿ ನೀ, ನಾ ಅಲ್ಲ."