ಬಿಡಿ ಹಾಳೆ ತರಬೇಡಿ

"ಏನ್ರೀ ಇದು?"

ಹೆಂಡತಿ ಕೇಳಿದ ಧಾಟಿಯಲ್ಲಿ ಮೆಚ್ಚುಗೆ ಇದೆ ಎಂದೇ ಬೈಂಡರ್ ತಿಳಿದ. ಮೇಜಿನ ಮೇಲಿದ್ದದ್ದು ನಿಜಕ್ಕೂ ಮೆಚ್ಚಬೇಕಾದ ವಸ್ತುವೇ. ಕಡುನೀಲಿ ಬಟ್ಟೆ ಹೊದಿಸಿದ ರಟ್ಟು, ಬೆನ್ನಿಗೆ ಚರ್ಮದ ಪಟ್ಟಿ, ಒಳಗೆ ನಲವತ್ತಾರು ಹಾಳೆ. ತಾರೀಖಿನ ಪ್ರಕಾರ ಒಂದರ ಹಿಂದೊಂದು ಇಟ್ಟು, ದಾರ ಹಾಕಿ ಹೊಲಿದು, ಮೂರೂ ಬದಿ ಕತ್ತರಿಸಿ ಸಮ ಮಾಡಿದ್ದ. ಅಂಚಿನ ಮೇಲೆ ಬೆರಳಾಡಿಸಿದರೆ ಒಂದು ಹಾಳೆಯೂ ಏರುಪೇರು ಇರಲಿಲ್ಲ.

"ವಕೀಲರ ಆಫೀಸಿಂದ ಬಿಡಿ ಹಾಳೆ ತರಬೇಡಿ ಅಂದಿದ್ರಲ್ಲ, ಅದಕ್ಕೆ ನಿನ್ನೆ ಕೂತು ಮಾಡ್ದೆ. ಇನ್ನು ಯಾರು ಎಷ್ಟು ಸಲ ತಿರುವಿದ್ರೂ ಬಿಚ್ಕೊಳ್ಳಲ್ಲ."

"ಫೈಲ್ ಮಾಡಿ ತನ್ನಿ ಅಂದಿದ್ರು ಕಣ್ರೀ. ಎರಡು ತೂತು ಹೊಡೆದು ಟ್ಯಾಗ್ ಹಾಕೋದು, ಅಷ್ಟೇ."

"ಅದನ್ನ ಯಾರು ಬೇಕಾದ್ರೂ ಮಾಡ್ತಾರೆ."

ಇಪ್ಪತ್ತು ವರ್ಷದಲ್ಲಿ ಅವನ ಅಂಗಡಿಯಿಂದ ಬಿಡಿ ಹಾಳೆ ಒಂದೂ ಹೊರಗೆ ಹೋಗಿದ್ದಿಲ್ಲ. ಇನ್ನು ಸ್ವಂತ ಮಗಳ ಕಾಗದ ಪತ್ರ ಹಾಗೆ ಹೋಗಲು ಬಿಡುತ್ತಾನೆಯೇ.

ಗಂಟೆ ಹನ್ನೆರಡೂವರೆ. ನಾಲ್ಕಕ್ಕೆ ವಕೀಲರನ್ನು ಮೊದಲ ಸಲ ಕಾಣಬೇಕಿತ್ತು. ಮಗುವನ್ನೂ ಕರೆತನ್ನಿ ಎಂದಿದ್ದರಿಂದ ಅವಳನ್ನು ಇವತ್ತು ಶಾಲೆಗೆ ಕಳಿಸಿರಲಿಲ್ಲ. ಒಂಬತ್ತು ವರ್ಷದ ಹುಡುಗಿ. ಸದಾ ಏನಾದರೂ ಗುನುಗುತ್ತಲೇ ಇರುತ್ತಾಳೆಂದು ಮನೆಯಲ್ಲಿ ಅವಳಿಗೆ ಜೀರುಂಡೆ ಎಂದೇ ಹೆಸರು. ಈ ವರ್ಷ ಗುನುಗುವುದು ನಿಂತುಹೋಗಿತ್ತು. ಪಾಠ ಗಟ್ಟಿಯಾಗಿ ಓದಿಸುವ ದಿನ ಹೊಟ್ಟೆನೋವು ಬರುತ್ತಿತ್ತು, ಅದೂ ಸುಳ್ಳು ಹೊಟ್ಟೆನೋವಲ್ಲ, ವಾಂತಿಯೇ ಆಗುತ್ತಿತ್ತು. ಕಳೆದ ವಾರ ಶಾಲೆಯಿಂದ ಕಾಗದ ಬಂತು: ಮಗುವಿಗೆ ಓದಲು ಬರುವುದಿಲ್ಲ, ಮಗುವಿನಲ್ಲಿ ಪ್ರಯತ್ನವೇ ಇಲ್ಲ, ಪೋಷಕರೂ ಇದುವರೆಗೆ ಗಮನ ಕೊಟ್ಟಿಲ್ಲ, ಆದ್ದರಿಂದ ತಿಂಗಳ ಕೊನೆಗೆ ಬೇರೆ ಕಡೆ ಸೇರಿಸಿಕೊಳ್ಳಿ, ಹೇಳುವುದೇನಾದರೂ ಇದ್ದರೆ ಹತ್ತು ದಿನದೊಳಗೆ ಆಡಳಿತ ಮಂಡಳಿಯ ಮುಂದೆ ಬಂದು ಹೇಳಿ.

ಗಮನ ಕೊಟ್ಟಿಲ್ಲ ಎಂಬ ಮಾತಿಗೆ ತಾಯಿಯ ಮೈ ಉರಿದುಹೋಗಿತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಮಗಳ ಕಣ್ಣನ್ನು ನಾಲ್ಕು ಸಲ ಪರೀಕ್ಷೆ ಮಾಡಿಸಿದ್ದಳು. ಕಣ್ಣಲ್ಲಿ ಏನೂ ದೋಷವಿಲ್ಲ ಎಂದಾದ ಮೇಲೆ, ಓದಿನ ತೊಂದರೆ ಏನೆಂದು ತಜ್ಞರಿಂದ ನೋಡಿಸಿ ಎಂದು ಶಾಲೆಗೆ ಮೂರು ಪತ್ರ ಬರೆದಿದ್ದಳು. ಮೂರನ್ನೂ ಕೈಯಾರೆ ಕೊಟ್ಟು ಬಂದಿದ್ದಳು. ಅವಳ ಪ್ರತಿಯ ಮೇಲ್ತುದಿಯಲ್ಲಿ ಶಾಲೆಯ ಗುಮಾಸ್ತ ನೇರಳೆ ಮೊಹರು ಒತ್ತಿ, ತಾರೀಖು, ನಂಬರು ಹಾಕಿ ಸಹಿ ಮಾಡಿದ್ದ. ಗಮನ ಕೊಟ್ಟಿದ್ದೇವೆ ಎನ್ನಲು ಇದ್ದ ಸಾಕ್ಷಿ ಅದೊಂದೇ.

ವಕೀಲರು ಸಿಕ್ಕಿದ್ದೂ ಸುಲಭಕ್ಕಲ್ಲ. ಮೊದಲನೆಯವರು ಜಮೀನಿನ ವ್ಯಾಜ್ಯ ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂದರು. ಎರಡನೆಯವರು, "ಶಾಲೆ ವಿಷಯಕ್ಕೂ ವಕೀಲರು ಬೇಕೇನಮ್ಮ, ಮನೇಲಿ ಕೂರಿಸಿ ಓದಿಸಿ," ಎಂದು ಬುದ್ಧಿ ಹೇಳಿ ಫೋನ್ ಇಟ್ಟರು. ಕೊನೆಗೆ ಕನ್ನಡಕ ರಿಪೇರಿಗೆ ಬಂದ ನಿವೃತ್ತ ಮೇಷ್ಟರೊಬ್ಬರು ಈ ವಕೀಲೆಯ ಹೆಸರು ಕೊಟ್ಟಿದ್ದರು. ಶಾಲೆ, ಮಕ್ಕಳು, ಪರೀಕ್ಷೆ, ಇಂಥ ಕೇಸುಗಳನ್ನೇ ಅವರು ನಡೆಸುವುದಂತೆ.

ತಾಯಿ ಪುಸ್ತಕ ಬಿಡಿಸಿದಳು. ಮೊದಲ ಪತ್ರ ಬಂತು. ಮೇಲ್ತುದಿಯಲ್ಲಿ ಉಗುರಿನಷ್ಟು ನೇರಳೆ ಬಣ್ಣ ಉಳಿದಿತ್ತು.

"ರೀ, ಮೊಹರು ಎಲ್ಲಿ?"

"ಯಾವ ಮೊಹರು?"

ಎರಡನೇ ಪತ್ರ ತೆಗೆದಳು, ಮೂರನೆಯದನ್ನು ತೆಗೆದಳು. ಅವುಗಳಲ್ಲಿ ಆ ಉಗುರಿನಷ್ಟೂ ಉಳಿದಿರಲಿಲ್ಲ. ಅಂಕಪಟ್ಟಿಗಳು ಗಿಡ್ಡ, ಪತ್ರಗಳು ಉದ್ದ. ಎಲ್ಲಕ್ಕಿಂತ ಗಿಡ್ಡ ಹಾಳೆಯ ಅಳತೆಗೆ ಉಳಿದದ್ದನ್ನೆಲ್ಲ ಇಳಿಸಿದ್ದ ಬೈಂಡರ್. ಅವನ ಕಸುಬಿನಲ್ಲಿ ಮಾಡುವುದೇ ಹಾಗೆ.

"ಸ್ವೀಕರಿಸಲಾಗಿದೆ ಅಂತ ಇಷ್ಟು ದಪ್ಪಕ್ಕೆ ಬರೆದಿತ್ತಲ್ರೀ. ಕತ್ತರಿಸೋ ಮುಂಚೆ ಒಂದು ಸಲ ಓದ್ಬಾರ್ದಾ? ನಿಮ್ಮ ಕಣ್ಣೆಲ್ಲಿ ಹೋಗಿತ್ತು?"

"ಅವಸರದಲ್ಲಿ ನೋಡ್ಲಿಲ್ಲ ಕಣೇ."

ಅವನ ಮುಖ ಬಿಳಿಚಿಕೊಂಡಿತು. ಬೈಯುತ್ತ ಕೂರುವಷ್ಟು ಹೊತ್ತಿರಲಿಲ್ಲ, ಅವಳು ಎದ್ದು ಅಂಗಡಿಯ ಕಡೆ ನಡೆದಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕತ್ತರಿಸುವ ಯಂತ್ರದ ಪಕ್ಕದಲ್ಲಿ ರದ್ದಿಯ ಗೋಣಿಚೀಲ ಎರಡು, ಎರಡರಲ್ಲೂ ಬಾಯಿತನಕ ಕಾಗದದ ಪಟ್ಟಿಗಳು. ನಿನ್ನೆಯೇ ಯಾವುದೋ ಆಫೀಸಿನ ಮುನ್ನೂರು ಲೆಡ್ಜರ್ ಬೇರೆ ಕತ್ತರಿಸಿದ್ದ. ಎರಡನ್ನೂ ನೆಲಕ್ಕೆ ಸುರಿದು ಮೂವರೂ ಕೂತರು. ಒಂದು ಗಂಟೆ ಹುಡುಕಿದರು. ಊಟದ ನೆನಪು ಯಾರಿಗೂ ಬರಲಿಲ್ಲ. ಬೆವರಿಗೆ ಪಟ್ಟಿಗಳು ಮೊಣಕೈಗೆಲ್ಲ ಅಂಟಿಕೊಂಡವು. ಜೀರುಂಡೆಯ ಜಡೆಯಲ್ಲಿ ನಾಲ್ಕಾರು ಸಿಕ್ಕಿಕೊಂಡಿದ್ದವು. ಎರಡನೇ ರಾಶಿ ಮುಗಿಯುವ ಹೊತ್ತಿಗೆ ತಾಯಿಯ ಕೈಗೆ ನೇರಳೆ ಬಣ್ಣದ ಒಂದು ಪಟ್ಟಿ ಸಿಕ್ಕಿತು. ಉಳಿದೆರಡು ಸಿಗಲೇ ಇಲ್ಲ.

"ಅಪ್ಪ ಬೇಕು ಅಂತ ಮಾಡಿಲ್ಲ," ಎಂದಳು ಜೀರುಂಡೆ, ಯಾರೂ ಕೇಳದಿದ್ದರೂ.

"ಗೊತ್ತು ಕಣೇ. ಎದ್ದು ಕಾಲು ತೊಳ್ಕೋ," ಎಂದಳು ತಾಯಿ.

ವಕೀಲೆಯ ಕಚೇರಿ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಐವತ್ತು ದಾಟಿದ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮೇಜಿನ ತುಂಬ ಅದನ್ನೇ ಹುಡುಕುತ್ತಿದ್ದರು. ತಲೆ ಮೇಲಿದೆ ಎಂದು ಜೀರುಂಡೆ ಕೈಸನ್ನೆಯಲ್ಲೇ ತೋರಿಸಿದಳು. "ನೀನಿಲ್ಲದಿದ್ರೆ ಇವತ್ತು ನನ್ನ ಗತಿ ಅಷ್ಟೇ ಆಗಿತ್ತು," ಎಂದರು ಅವರು. ಮೂವರಿಗೂ ಕುರ್ಚಿ ತೋರಿಸಿದರು.

ನೀಲಿ ಪುಸ್ತಕವನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು, ಅಂಚು ಸವರಿದರು, ತೆರೆದು ನೋಡಿದರು. ತಾಯಿ ಪಟ್ಟಿಯ ಕಥೆಯನ್ನೆಲ್ಲ ಹೇಳಿದಳು. ಹೇಳುವಾಗ ಗಂಡನ ಕಡೆ ನೋಡಲಿಲ್ಲ.

"ಇಷ್ಟು ಚೆಂದದ ಫೈಲು ಈ ಟೇಬಲ್ ಮೇಲೆ ಯಾವತ್ತೂ ಬಂದಿಲ್ಲಪ್ಪ," ಎಂದರು ವಕೀಲೆ. ಬೈಂಡರ್ ತಲೆ ಎತ್ತಲಿಲ್ಲ. "ಹೋಗ್ಲಿ ಬಿಡಿ. ಒಂದು ಸಿಕ್ಕಿದೆಯಲ್ಲ. ಅದರಲ್ಲಿ ನಂಬರ್ ಇದೆ, ಅದನ್ನ ಹಿಡ್ಕೊಂಡು, ಬಂದ ಪತ್ರ ಬರೆದಿಡೋ ಅವರ ಆವಕ ರಿಜಿಸ್ಟರ್ ತೋರಿಸಿ ಅಂತ ಕೇಳ್ತೀನಿ. ಉಳಿದೆರಡು ಅಲ್ಲೇ ಇರ್ತವೆ. ಆದ್ರೆ ನಮಗೆ ಕಷ್ಟ ಇರೋದು ಅದರಲ್ಲಲ್ಲ."

ತಾಯಿ ಕುರ್ಚಿಯ ತುದಿಗೆ ಬಂದಳು.

"ಇವಳು ಸೋಮಾರಿ ಅಂತ ಶಾಲೆಯವರು ಹೇಳ್ತಿದಾರೆ. ಅಲ್ಲ, ಇದು ಮಗು ಹುಟ್ಟಿದಾಗಿಂದ ಇರೋ ತೊಂದರೆ, ನೋಡಿಸಿ ಸಹಾಯ ಮಾಡಬೇಕಾದ್ದು ಶಾಲೆಯವರ ಕೆಲಸ ಅಂತ ನಾವು ಹೇಳ್ಬೇಕು. ಮಂಡಳಿಯವರು ಕೂರೋದು ಸೋಮವಾರ. ಅಷ್ಟರಲ್ಲಿ ತಜ್ಞರು ನೋಡಿ ಬರೆದುಕೊಡ್ಬೇಕು. ಅವರು ಕೇಳೋ ಮೊದಲನೇ ಪ್ರಶ್ನೆ ನಾನೇ ಈಗ ಕೇಳ್ತೀನಿ. ಇದು ಎಷ್ಟೋ ಸಲ ಮನೆತನದಲ್ಲಿ ಬಂದಿರುತ್ತೆ. ನಿಮ್ಮಿಬ್ಬರ ಕಡೆ ಯಾರಿಗಾದ್ರೂ ಓದೋದು ಹೀಗೆ ಕಷ್ಟ ಆಗಿತ್ತಾ?"

"ಇಲ್ಲ ಮೇಡಂ," ಎಂದಳು ತಾಯಿ ತಕ್ಷಣ. "ನಮ್ಮ ಕಡೆ ಯಾರೂ ಇಲ್ಲ. ಇವರಂತೂ ಹಗಲೆಲ್ಲ ಪುಸ್ತಕದ ಮಧ್ಯನೇ ಇರೋರು."

ವಕೀಲೆ ಬರೆಯಲು ಬಗ್ಗಿದರು.

"ಅದನ್ನ ಬರೀಬೇಡಿ," ಎಂದ ಬೈಂಡರ್.

ಪೆನ್ನು ನಿಂತಿತು.

"ನನಗಿದೆ. ನಾಲ್ಕನೇ ಕ್ಲಾಸಿಗೇ ಬಿಡಿಸಿದ್ರು. ದಡ್ಡ, ಇವನಿಗೆ ತಲೆಗೆ ಹತ್ತಲ್ಲ ಅಂತ ಬೈಂಡಿಂಗ್ ಕೆಲಸಕ್ಕೆ ಹಾಕಿದ್ರು. ಅಂಕಿ ಬರುತ್ತೆ. ಪುಸ್ತಕದ ಬೆನ್ನ ಮೇಲೆ ಹೆಸರು ಅಚ್ಚು ಹಾಕ್ಬೇಕಾದ್ರೆ, ಗಿರಾಕಿ ಬರೆದುಕೊಟ್ಟಿದ್ದನ್ನ ಪಕ್ಕದಲ್ಲಿಟ್ಕೊಂಡು ಒಂದೊಂದೇ ಅಕ್ಷರ ಆಕಾರ ನೋಡಿ ಜೋಡಿಸ್ತೀನಿ. ಅದು ಏನು ಪುಸ್ತಕ ಅಂತ ನನಗೆ ಗೊತ್ತಿರಲ್ಲ." ಹೆಂಡತಿಯ ಕಡೆ ತಿರುಗಿದ. "ಆ ಮೊಹರನ್ನ ನೋಡ್ದೆ, ಓದೋಕೆ ಬರ್ಲಿಲ್ಲ. ಏನೋ ಬಣ್ಣ, ಏನೋ ನಂಬರು ಅಂದ್ಕೊಂಡೆ. ಅವಸರ ಏನೂ ಇರ್ಲಿಲ್ಲ."

ತಾಯಿ ಅವನನ್ನೇ ನೋಡಿದಳು. ಮದುವೆಯಾಗಿ ಹನ್ನೊಂದು ವರ್ಷ. ದಿನಪತ್ರಿಕೆ ಮುಂದೆ ಹಿಡಿದು, ಕಣ್ಣು ಮಂಜಾಗ್ತಿದೆ ಕಣೇ, ನೀನೇ ಓದು ಎನ್ನುತ್ತಿದ್ದ. ಅವಳು ಓದುತ್ತಿದ್ದಳು. ಎಷ್ಟು ಸಂಜೆ ಓದಿದ್ದಳು. ಸಿಟ್ಟೂ ಬಂತು, ಅಳುವೂ ಬಂತು, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ತನಗೆ ತಿಳಿಯಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

"ಮೂರು ಸಲ ಕನ್ನಡಕ ಬದಲಾಯಿಸಿಕೊಟ್ಟೆನಲ್ರೀ," ಎಂದಳು.

"ಕನ್ನಡಕ ಎಲ್ಲಾ ಚೆನ್ನಾಗೇ ಇದ್ವು."

ಜೀರುಂಡೆ ಕುರ್ಚಿಯಿಂದ ಇಳಿದು ಬಂದು ಅಪ್ಪನ ಮೊಣಕಾಲಿಗೆ ಒರಗಿ ನಿಂತಿದ್ದಳು.

"ಅಪ್ಪಾ, ನಿಂಗೂ ಅಕ್ಷರ ಓಡಾಡ್ತಿತ್ತಾ?"

"ಈಗ್ಲೂ ಓಡಾಡ್ತವೆ."

"ಮತ್ತೆ ಓದಲೇಬೇಕು ಅಂದ್ರೆ ಏನ್ಮಾಡ್ತೀಯ?"

"ಕೆಳಗೆ ಬೆರಳಿಟ್ಕೋತೀನಿ. ಓಡಿಹೋಗದ ಹಾಗೆ. ಯಾರೂ ಇಲ್ಲದಾಗ."

"ಟೀಚರ್ ಬೆರಳು ಇಡಬಾರ್ದು ಅಂತಾರೆ. ಇಟ್ರೆ ಎಲ್ಲರೂ ನಗ್ತಾರೆ."

ಬೈಂಡರ್ ಮೇಜಿನ ಮೇಲಿನ ಪುಸ್ತಕವನ್ನು ಎಳೆದುಕೊಂಡ. ಕೊನೆಯ ಹಾಳೆ ತೆರೆದ, ಶಾಲೆಯವರ ಕಾಗದ. ಅಂಟಿನ ಕಲೆಯ ದಪ್ಪ ತೋರುಬೆರಳನ್ನು ಒಂದು ಸಾಲಿನ ಕೆಳಗೆ ಊರಿದ. ಹೆಂಡತಿ ಪಕ್ಕದಲ್ಲಿದ್ದಳು, ಎದುರಿಗೆ ಕಲಿತ ಹೆಂಗಸು ಕೂತಿದ್ದರು.

"ಮ... ಗು... ಮಗುವಿ... ನಲ್ಲಿ," ಎಂದ. ಕಿವಿ ಕೆಂಪಾಗಿತ್ತು. "ಪ... ಪರ... ಅಲ್ಲ. ಪ್ರ. ಪ್ರ... ಯ..."

ಮುಂದಿನ ಅಕ್ಷರ ತಾಯಿಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ತುಟಿ ಕಚ್ಚಿ ತಡೆದುಕೊಂಡಳು. ಜೀರುಂಡೆ ಕೈ ಮುಂದೆ ಮಾಡಿ, ಅಪ್ಪನ ಬೆರಳಿನ ಪಕ್ಕದಲ್ಲಿ ತನ್ನ ಬೆರಳನ್ನೂ ಇಟ್ಟಳು. ಸಾಲು ಇನ್ನೂ ಅರ್ಧ ಉಳಿದಿತ್ತು. ಕೆಳಗಿನ ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದರು. ವಕೀಲೆ ಪೆನ್ನು ಕೆಳಗಿಟ್ಟು, ಯಾವ ಅವಸರವೂ ಇಲ್ಲದವರಂತೆ ಕಾಯುತ್ತ ಕೂತರು.