ನೂಲು ಕಡಿದ ಹಲ್ಲು

ನಮ್ಮತ್ತೆ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ನಾನದನ್ನು ನಾಚಿಕೆ ಎಂದುಕೊಂಡಿದ್ದೆ. ಹಲ್ಲಿನ ಕೆಲಸದವಳಾದ ನನಗೇ ಅಸಲು ಸಂಗತಿ ತಿಳಿಯಲು ಆರು ತಿಂಗಳು ಹಿಡಿಯಿತೆಂದರೆ ಆ ಕೈ ಎಷ್ಟು ಚುರುಕಾಗಿತ್ತೆಂದು ನೀವೇ ಊಹಿಸಿ. ಅವರ ಮೇಲಿನ ಎರಡು ಮುಂಬಲ್ಲುಗಳ ಅಂಚಿನಲ್ಲಿ ಒಂದೊಂದು ಕಚ್ಚು ಬಿದ್ದಿತ್ತು, ಸುತ್ತ ಕಂದು ಕಲೆ. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು, ಕತ್ತರಿ ಪಕ್ಕದಲ್ಲೇ ಇದ್ದರೂ ನೂಲನ್ನು ಹಲ್ಲಿನಿಂದಲೇ ಕಡಿದದ್ದರ ಫಲ. ಯಾರೋ ಗಿರಾಕಿ ಒಮ್ಮೆ ‘ಇಲಿಹಲ್ಲಿನ ದರ್ಜಿ’ ಎಂದಳಂತೆ. ಅಂದು ಬಾಯಿಗೆ ಹೋದ ಕೈ ಮತ್ತೆ ಇಳಿಯಲಿಲ್ಲ.

ನನ್ನ ಕೆಲಸ ಪಿಂಗಾಣಿ ಹಲ್ಲು ಮಾಡುವುದು. ದಂತ ದವಾಖಾನೆಯ ಹಿಂದೆ ಒಂದು ಸಣ್ಣ ಕೋಣೆ, ಅದರಲ್ಲೊಂದು ಕಿಟಕಿ, ಪುಟ್ಟ ಕುಲುಮೆ, ಬೆರಳುದ್ದದ ಕುಂಚಗಳು. ಊರವರ ಬಾಯನ್ನೆಲ್ಲ ಅಂದಗೊಳಿಸುವ ನಾನು ಮನೆಯ ಬಾಯಿಯ ಸುದ್ದಿಗೆ ಹೋಗಿರಲಿಲ್ಲ. ಎರಡು ಸಲ ಮಾತು ತೆಗೆದಾಗ ಅತ್ತೆ, ಈ ವಯಸ್ಸಿಗೆ ಅದೆಲ್ಲ ಯಾಕೆ ಎಂದು ತಳ್ಳಿಹಾಕಿದ್ದರು. ನನಗೂ ಮೂಗಿನ ತುದಿಯಲ್ಲೇ ಕೋಪ. ಬೇಡವಾದರೆ ಬಿಡಿ ಎಂದು ಸುಮ್ಮನಾಗಿದ್ದೆ.

ಹೀಗಿರುವಾಗ ತರಬೇತಿ ಕೇಂದ್ರದ ಮೇಲ್ವಿಚಾರಕಿ ಮನೆಗೇ ಬಂದರು. ಇಪ್ಪತ್ತು ಹುಡುಗಿಯರಿಗೆ ಹೊಲಿಗೆ ಕಲಿಸಬೇಕು, ನಿಮ್ಮ ಹಾಗೆ ಕಾಲರ್ ಕೂರಿಸುವವರು ಬೇರೆ ಯಾರೂ ಇಲ್ಲ ಎಂದರು. ಅತ್ತೆ ಕಣ್ಣು ಮಂಜು ಎಂದು ಹೇಳಿ ಕಳಿಸಿಬಿಟ್ಟರು. ಅಪ್ಪಟ ಸುಳ್ಳು. ಅರವತ್ತಾದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಹೆಂಗಸು ಅದು. ಆಮೇಲೆ ಬಟ್ಟೆ ಮಡಚುತ್ತಾ ನನ್ನೊಬ್ಬಳಿಗೇ ನಿಜ ಹೇಳಿದರು.

“ಇಪ್ಪತ್ತು ಜನರ ಮುಂದೆ ಬಾಯಿ ಬಿಡಬೇಕು ಕಣೇ. ಒಂದು ಕೈ ಬಾಯಿ ಮುಚ್ಕೊಳ್ಳಕ್ಕೇ ಬೇಕು. ಇನ್ನೊಂದೇ ಕೈಲಿ ಏನಂತ ಕಲಿಸಲಿ?”

ಮನಸ್ಸಿಲ್ಲದೆ ಬೇಡವೆಂದವರಲ್ಲ ಅವರು; ಆಸೆ ಕಣ್ಣಲ್ಲೇ ಇತ್ತು. ಮರುದಿನವೇ ಮೇಲ್ವಿಚಾರಕಿಯಿಂದ ಒಂದು ತಿಂಗಳ ಗಡುವು ಪಡೆದು, ಅತ್ತೆಯನ್ನು ನಮ್ಮ ದವಾಖಾನೆಯ ಡಾಕ್ಟರ ಮುಂದೆ ಕೂರಿಸಿದೆ.

ಡಾಕ್ಟರು ಸಾವಧಾನದ ಮನುಷ್ಯ. ಹಲ್ಲಿನ ಮುಂಭಾಗಕ್ಕೆ ಅಂಟಿಸುವ ಪಿಂಗಾಣಿಯ ತೆಳು ಪದರಕ್ಕೆ ವೆನೀರ್ ಎನ್ನುತ್ತಾರೆ, ಉಗುರಿನಷ್ಟೇ ದಪ್ಪ ಎಂದು ವಿವರಿಸಿದರು. ಅದು ಕೂರಲು ಹಲ್ಲನ್ನು ಅರ್ಧ ಮಿಲಿಮೀಟರ್ ಉಜ್ಜಿ ತೆಳುವಾಗಿಸಬೇಕು. ಉಜ್ಜಿದ್ದು ಮತ್ತೆ ಬೆಳೆಯುವುದಿಲ್ಲ, ಹಾಗಾಗಿ ಒಮ್ಮೆ ಹೆಜ್ಜೆಯಿಟ್ಟರೆ ಹಿಂದಿರುಗುವಂತಿಲ್ಲ. ಅಚ್ಚು ತೆಗೆದ ಮೇಲೆ ಎರಡು ವಾರ ತಾತ್ಕಾಲಿಕ ಪದರ, ಆಮೇಲೆ ಕಾಯಂ. ಅತ್ತೆ ಎಲ್ಲಕ್ಕೂ ತಲೆಯಾಡಿಸಿ ಒಂದೇ ಪ್ರಶ್ನೆ ಕೇಳಿದರು: ಎಷ್ಟು ವರ್ಷ ಬಾಳಿಕೆ ಬರುತ್ತೆ? ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಎಂದರು ಡಾಕ್ಟರು. ಪಿಂಗಾಣಿ ಹುಳುಕಾಗದು, ಆದರೆ ಅದರಡಿಯ ಹಲ್ಲು ಆಗಬಹುದು, ದಿನಾ ಬ್ರಷ್ ಮಾಡುವುದು ತಪ್ಪಬಾರದು. ಪೆನ್ನು, ಉಗುರು, ನೂಲು ಯಾವುದನ್ನೂ ಕಚ್ಚಬಾರದು.

“ಹಲ್ಲು ಬಾಳುತ್ತೆ ಬಿಡಿ, ನಾನು ಬಾಳಬೇಕಲ್ಲ,” ಎಂದು ಅತ್ತೆ ಕೈ ಅಡ್ಡ ಹಿಡಿದೇ ನಕ್ಕರು.

ಬಣ್ಣ ಆರಿಸುವಾಗ ಮಾತ್ರ ನಾವಿಬ್ಬರೂ ಅವರ ಮುಂದೆ ಸೋತೆವು. ಡಾಕ್ಟರು ದೀಪದಡಿ ಬಣ್ಣದ ಒಂದು ಮಾದರಿ ಹಲ್ಲು ಎತ್ತಿದರು, ನಾನು ಇನ್ನೊಂದು. ಅತ್ತೆ ಮಾದರಿಗಳ ಗೊಂಚಲನ್ನೇ ಕಿತ್ತುಕೊಂಡು, ಕೈಗನ್ನಡಿಯೊಂದಿಗೆ ಹೊರಬಾಗಿಲಿಗೆ ನಡೆದರು. ಬಟ್ಟೆಗೆ ದಾರ ಹೊಂದಿಸುವಾಗ ಬಿಸಿಲಲ್ಲೇ ನೋಡಬೇಕು, ದೀಪದ ಬೆಳಕು ಮೋಸಗಾರ ಎಂದು ನಮಗೇ ಪಾಠ ಹೇಳಿದರು. ಬೆಳ್ಳಗೆ ಹೊಳೆಯುವುದನ್ನೆಲ್ಲ ಬಿಟ್ಟು, ಪಕ್ಕದ ಹಲ್ಲಿಗೆ ಹೊಂದಿ, ತೇಪೆ ಎಂದು ಗೊತ್ತಾಗದಂಥದ್ದನ್ನು ಆರಿಸಿದರು. ಹದಿನಾಲ್ಕು ವರ್ಷದ ಅನುಭವವಿರುವ ನಾನು ಅದನ್ನೇ ಒಪ್ಪಬೇಕಾಯಿತು.

ಉಜ್ಜುವ ದಿನ ನನ್ನ ಕೈ ಬಿಡದೆ ಹಿಡಿದಿದ್ದರು. ಅವರಿಗೆ ನೋವೇನೂ ಆಗಲಿಲ್ಲ, ಚುಚ್ಚುಮದ್ದು ಕೊಟ್ಟಿದ್ದರು. ನೋವಾದದ್ದು ನನ್ನ ಬೆರಳುಗಳಿಗೆ.

ಮೂರನೆಯ ದಿನ ಅತ್ತೆ ದವಾಖಾನೆಗೆ ಬಂದು ನಿಂತರು. ತಾತ್ಕಾಲಿಕ ಪದರದ ಚೂರು ಕರವಸ್ತ್ರದಲ್ಲಿತ್ತು. ಅಂಗಿಯ ಗುಂಡಿ ಹಾಕಿ ಮುಗಿಸುವಾಗ ನೂಲು ಕಚ್ಚಿದ್ದರು. ನನ್ನ ಸಹನೆ ಕೆಟ್ಟಿತು. ಹುಟ್ಟುಗುಣ ಸುಟ್ಟರೂ ಹೋಗಲ್ಲ, ನಿಮಗೆ ಹಲ್ಲು ಮಾಡುವುದೂ ಒಂದೇ ನೀರಲ್ಲಿ ಹೋಮ ಮಾಡುವುದೂ ಒಂದೇ ಎಂದುಬಿಟ್ಟೆ. ಡಾಕ್ಟರು ರೇಗಲಿಲ್ಲ, ಆದರೆ ಖಡಾಖಂಡಿತವಾಗಿ ಹೇಳಿದರು: ಹೊಸ ತಾತ್ಕಾಲಿಕ ಪದರ ಎರಡು ವಾರ ಮುರಿಯದೆ ಉಳಿದರೆ ಮಾತ್ರ ಕಾಯಂ ಅಂಟಿಸುತ್ತೇನೆ.

“ನಾನು ಕಚ್ಚಲಿಲ್ಲ ಕಣೇ,” ಎಂದರು ಅತ್ತೆ ಸಣ್ಣ ದನಿಯಲ್ಲಿ. “ಕೈ ತಾನಾಗೇ ಮೇಲೆ ಬಂತು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದು ಎರಡೂ ಆಗಿದ್ದವು. ಮನೆಗೆ ಹೋಗುವ ದಾರಿಯುದ್ದಕ್ಕೂ ನನಗೆ ನನ್ನ ಮೇಲೇ ಅಸಹ್ಯ. ಹಲ್ಲನ್ನು ಉಜ್ಜಿಯಾಗಿದೆ, ಗಡುವಿಗೆ ಉಳಿದದ್ದು ಹದಿನಾರು ದಿನ, ಎದುರಿಗಿರುವುದು ನಲವತ್ತು ವರ್ಷದ ಅಭ್ಯಾಸ. ಅದರ ಮೇಲೆ ನನ್ನ ನಾಲಿಗೆ ಬೇರೆ.

ಮರುದಿನ ನೋಡಿದರೆ ಅತ್ತೆ ತುಟಿಗಳ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿಕೊಂಡು ಯಂತ್ರದ ಮುಂದೆ ಕೂತಿದ್ದಾರೆ. ನೂಲು ಬಾಯಿಯವರೆಗೆ ಬರುವುದು, ಪಟ್ಟಿಗೆ ತಾಗುವುದು, ಅವರು ಕಣ್ಣರಳಿಸಿ ನಿಲ್ಲುವುದು. ನಾನು ಕತ್ತರಿಗೆ ದಾರ ಕಟ್ಟಿ ಅವರ ಕೊರಳಿಗೆ ಹಾಕಿದೆ. ಬೈದದ್ದಕ್ಕೆ ತಪ್ಪಾಯಿತು ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ, ಕತ್ತರಿ ಹೇಳಿತೆಂದುಕೊಂಡೆ. ಅವರು ನನ್ನ ಕೆನ್ನೆ ತಟ್ಟಿದರು. ಮದುವೆಯಾದಾಗಿನಿಂದ ಈ ಮನೆ ಇಷ್ಟು ಶಾಂತವಾಗಿದ್ದದ್ದೇ ಇಲ್ಲ ಎಂದು ಮಾವ ಎಲ್ಲರಿಗೂ ಕೇಳುವಂತೆ ಸಂತೋಷಪಟ್ಟರು. ಅತ್ತೆಯ ಉತ್ತರ ಪಟ್ಟಿಯ ಹಿಂದೆಯೇ ಉಳಿಯಿತು. ನೂಲು ಹಿಡಿದು ದಿನಕ್ಕೆ ಮೂವತ್ತು ಸಲ ಮೇಲೇರುತ್ತಿದ್ದ ಕೈ ಹತ್ತಕ್ಕಿಳಿಯಿತು, ಮೂರಕ್ಕಿಳಿಯಿತು. ಎರಡು ವಾರ ಕಳೆಯಿತು. ಪದರ ಮುರಿಯಲಿಲ್ಲ.

ಕಾಯಂ ಅಂಟಿಸಿದ ದಿನ ಅತ್ತೆ ಕನ್ನಡಿ ನೋಡಿದರು. ನನ್ನ ಕೋಣೆಯ ಕಪಾಟಿನಲ್ಲಿದ್ದ, ಉಜ್ಜುವ ಮೊದಲು ತೆಗೆದ, ಕಚ್ಚು ಸಹಿತ ಮೂಡಿದ್ದ ತಮ್ಮ ಹಲ್ಲುಗಳ ಪ್ಲಾಸ್ಟರ್ ಅಚ್ಚನ್ನು ತೋರಿಸಿ, ಇದು ಕೊಡು ಎಂದರು. ಒಡೆದು ಬಿಸಾಡುವ ಯೋಚನೆ ಇರಬೇಕು ಎಂದುಕೊಂಡೆ. ಪಾಪ, ಒಡೆಯಲಿ ಎನಿಸಿತು. ಹತ್ತಿಯಲ್ಲಿ ಸುತ್ತಿ ಕೊಟ್ಟೆ. ಅವರು ನಕ್ಕರು, ಕೈ ಮಾತ್ರ ಹಳೆಯ ಜಾಗಕ್ಕೇ ಹೋಯಿತು. ನೂಲಿನ ಅಭ್ಯಾಸ ಬಿಟ್ಟರೂ ಇದು ಬಿಟ್ಟಿರಲಿಲ್ಲ. ಇದಕ್ಕೆ ಯಾವ ಪಟ್ಟಿ ಅಂಟಿಸುವುದೆಂದು ನನಗೆ ತಿಳಿಯಲಿಲ್ಲ.

ತರಗತಿಯ ಮೊದಲ ದಿನ ಕೊರಳಿನ ಕತ್ತರಿಯನ್ನು ಮನೆಯಲ್ಲೇ ಮರೆತು ಹೋಗಿದ್ದರು. ನಾನು ಮನೆಗೆಲಸ ಅರ್ಧಕ್ಕೇ ಬಿಟ್ಟು, ಕತ್ತರಿ ಹಿಡಿದು ಓಡಿದೆ. ಬಾಗಿಲಿಗೆ ಬಂದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ನೂಲನ್ನು ಹಲ್ಲಿಗಿಟ್ಟು ಪಟಕ್ಕನೆ ಕಡಿದಳು. ಅತ್ತೆ ಅವಳ ಬಳಿಗೆ ಹೋದರು. ಚೀಲದಿಂದ ಹತ್ತಿಯ ಉಂಡೆ ತೆಗೆದು, ಬಿಚ್ಚಿ, ಪ್ಲಾಸ್ಟರ್ ಅಚ್ಚನ್ನು ಅವಳ ಅಂಗೈಯಲ್ಲಿಟ್ಟರು.

“ಇದು ನನ್ನ ಹಲ್ಲು. ನಲವತ್ತು ವರ್ಷ ನೂಲು ಕಡಿದಿದ್ದಕ್ಕೆ ಹೀಗಾಯ್ತು. ಬೆರಳಿಟ್ಟು ನೋಡಿ, ಪಕ್ಕದೋರಿಗೆ ಕೊಡಿ.”

ನಾನು ಹೊಸಿಲಲ್ಲೇ ನಿಂತೆ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಟ್ಟದ್ದು ಬೆಂಚಿನಿಂದ ಬೆಂಚಿಗೆ, ಕೈಯಿಂದ ಕೈಗೆ ಸಾಗಿತು. ಹುಡುಗಿಯರು ಕಚ್ಚಿನೊಳಗೆ ಉಗುರು ತೂರಿಸಿ ನೋಡಿದರು. ಕೊನೆಯ ಸಾಲಿನಿಂದ ಒಂದು ದನಿ, ಇಲಿ ಕಡಿದ ಹಾಗಿದೆ ಟೀಚರ್ ಎಂದಿತು. ನಾನು ಅತ್ತೆಯ ಕೈಗಳನ್ನೇ ನೋಡಿದೆ.

ಅತ್ತೆ ಮೇಜಿಗೆ ಎರಡೂ ಕೈ ಊರಿ ನಿಂತಿದ್ದರು. ಅವರು ಜೋರಾಗಿ ನಕ್ಕರು. ಕೈಗಳು ಮೇಜಿನ ಮೇಲೆಯೇ ಇದ್ದವು.