ಎಂಟು ಗೂಟ

ಕಿಟಕಿಯ ಗಾಜು ಗಡಗಡ ಅಲುಗುತ್ತಿದೆ, ಹಣೆ ಒರಗಿಸಿದರೆ ತಲೆಯೊಳಗೂ ಅದೇ ಗಡಗಡ, ಈ ಇಳಕಲ್ಲಿನ ಬಸ್ಸು ಗುಡೂರು ದಾಟಿತೋ ಇಲ್ಲವೋ, ದಾಟಿದರೇನು, ಸವಿತಾಳ ತೊಡೆಯ ಮೇಲೆ ಏಳು ವರ್ಷ ಕೂತಿವೆ, ರಟ್ಟು ಹಾಕಿಸಿದ ಪಿಎಚ್‌ಡಿ ಪ್ರಬಂಧ, ನವನಗರಕ್ಕೆ ಹೋಗಿ ಗೈಡ್ ಶ್ರೀಶೈಲ ಸರ್ ಸಹಿ ಹಾಕಿಸಿಕೊಂಡರೆ ಮುಗಿಯಿತು, ಇವತ್ತೇ ಕೊನೆಯ ದಿನ, ಸಾಕಪ್ಪಾ ಸಾಕು — ಬುತ್ತಿ ಕಟ್ಟುತ್ತ ಅವ್ವ ಕೇಳಿದಳು, ನಾಳಿಂದ ನೀ ಡಾಕ್ಟರಲ್ಲೇನ, ನನ್ನ ಮೊಳಕಾಲಿಗೆ ಏನರೆ ಗುಳಿಗಿ ಕೊಡ, ಯವ್ವಾ ನಾ ಅಂಥಾ ಡಾಕ್ಟರಲ್ಲ, ಮತ್ತ ಎಂಥಾಕಿ? ಹೇಗೆ ಹೇಳುವುದು, ಬಿಂದುಗಳ ಸುತ್ತ ಹಗ್ಗ ಬಿಗಿದರೆ ಒಂದು ಬೇಲಿ, ಅದೇ ಪೀನ ಆವರಣ, ಎಂಟು ಬಿಂದುಗಳನ್ನು ಹೇಗೇ ನೆಟ್ಟರೂ, ಕಿತ್ತರೆ ಬೇಲಿಯೊಳಗಿನ ಜಾಗ ನೂರರಲ್ಲೊಂದು ಪಾಲಾದರೂ ಕುಗ್ಗುವಂಥ ಬಿಂದು ಅವುಗಳಲ್ಲಿ ಒಂದಾದರೂ ಇದ್ದೇ ಇರಬೇಕು, ಇದು ಸವಿತಾಳ ಊಹೆ, ಉಳಿದ ಅಧ್ಯಾಯಗಳೆಲ್ಲ ಇದರ ಮೇಲೆಯೇ ನಿಂತಿವೆ, ಕಂಪ್ಯೂಟರು ಮನಬಂದಂತೆ ಚೆಲ್ಲಿದ ಹತ್ತು ಸಾವಿರ ಚಿತ್ರಗಳಲ್ಲಿ ಒಂದೂ ಸುಳ್ಳೆನ್ನಲಿಲ್ಲ, ಊಹೆಯನ್ನು ಮುರಿಯುವ ಒಂದು ಪ್ರತ್ಯುದಾಹರಣೆ ಹುಡುಕಿ ಹುಡುಕಿ ಕಣ್ಣು ಸೋತುಹೋದವು.

ಹೊರಗೆ ಕೊಯ್ದ ಜೋಳದ ಹೊಲ, ಯಾರೋ ಕುರಿ ತರುಬಿದ್ದಾರೆ, ಗೂಟದ ಸುತ್ತ ಬಲೆ, ಅಯ್ಯೋ, ಮೂಲೆಗೆ ಎರಡೆರಡು ಗೂಟ, ಅಪ್ಪನೂ ಹಾಗೇ ನೆಡುತ್ತಿದ್ದ, ಅವಳು ಗೂಟ ಹಿಡಿಯುವಳು, ಅಪ್ಪ ಕಲ್ಲಿನಿಂದ ಹೊಡೆಯುವನು, ಒಂದ ಕಿತ್ಹೋದ್ರ ತ್ವಾಳ ಒಳಗ ಬರ್ತೈತಿ ಸವಿ, ಜೋಡಿ ಇರ್ಲಿ — ನಾಲ್ಕು ಮೂಲೆ, ಎಂಟು ಗೂಟ, ಯಾವುದನ್ನೇ ಕೀಳು, ಪಕ್ಕದ್ದು ಬಲೆ ಹಿಡಿದು ನಿಂತಿದೆ, ನೂರರಲ್ಲೊಂದಲ್ಲ, ಸಾವಿರದಲ್ಲೊಂದೂ ಕುಗ್ಗುವುದಿಲ್ಲ, ಮನಬಂದಂತೆ ಚೆಲ್ಲಿದ ಬಿಂದುಗಳು ಹೀಗೆ ಜೋಡಿಜೋಡಿಯಾಗಿ ಎಲ್ಲಿ ಬಿದ್ದಾವು, ಕುರುಬರ ಮನೆಯಲ್ಲಿ ಹುಟ್ಟಿ ಇದೇ ಹೊಳೆಯಲಿಲ್ಲವೇ, ಥೂ ನಿನ್ನ, ಅಳಲೂ ತ್ರಾಣವಿಲ್ಲ. ಸುಮ್ಮನಿದ್ದುಬಿಡಲೇ, ಪರೀಕ್ಷಕರು ಕುರಿ ಕಾದವರೇ, ಸಹಿ ಬೀಳಲಿ, ಅವ್ವ ಓಣಿಗೆಲ್ಲ ಸಕ್ಕರೆ ಹಂಚಲಿ, ಆಮೇಲೆ ತಾನೊಬ್ಬಳೇ ಗೊತ್ತಿದ್ದುಕೊಂಡು ಬದುಕುವುದು, ಎಷ್ಟು ವರ್ಷ — ಫೋನು, ಶ್ರೀಶೈಲ ಸರ್, ಎಲ್ಲಿದ್ದೀರಿ ಸವಿತಾ, ಪೆನ್ನು ಹಿಡ್ಕೊಂಡು ಕುಂತೇನಿ, ಸರ್ ಸಹಿ ಮಾಡಬ್ಯಾಡ್ರಿ, ಊಹೆ ತಪ್ಪೈತ್ರಿ, ಬಾಯಿಂದ ಹೊರಟೇಹೋಯಿತು, ಆ ಕಡೆಯಿಂದ ಸರ್, ಯಾರು ಹೇಳಿದ್ರು, ಯಾವ ಪೇಪರಿನ್ಯಾಗ ಬಂದೈತಿ, ಹೇಳ್ರಿ, ಹೇಳಬೇಕು, ಕಣ್ಣ ಮುಂದೆ ಅಪ್ಪನ ಕೈ ಮಾತ್ರ, ಕಲ್ಲು ಮೇಲೆದ್ದಿದೆ, ಸರಿಯಾಗಿ ಹಿಡಿ ಸವಿ, ಮೊದಲನೆಯದರ ಪಕ್ಕದಲ್ಲೇ ಎರಡನೆಯ ಗೂಟ, ಏಟು, ಇನ್ನೊಂದು ಏಟು